ನಿಮ್ಮ ನಂಬರ್ ಎಷ್ಟು?

ಎರಡು ವಿಮಾನ ಕಂಪನಿಗಳನ್ನು ಒಂದು ಮಾಡುವುದು ಏನೂ ಕಷ್ಟವಲ್ಲ. ಒಂದು ಹೆಸರು ಅಳಿಸಿ, ವಿಮಾನದ ಬಾಲಕ್ಕೆ ಹೊಸ ಬಣ್ಣ ಬಳಿದರೆ ಮುಗಿಯಿತು. ಎರಡು ಸೀನಿಯಾರಿಟಿ ಲಿಸ್ಟ್‌ಗಳನ್ನು, ಅಂದರೆ ಕಂಪನಿಗೆ ಯಾರು ಮೊದಲು ಸೇರಿದರು, ಯಾರು ಆಮೇಲೆ ಎಂಬ ಪಟ್ಟಿಗಳನ್ನು, ಒಂದು ಮಾಡಿ ನೋಡೋಣ!

ಪೈಲಟ್‌ಗೆ ನಂಬರ್ ಮೊದಲು, ಹೆಸರು ಆಮೇಲೆ. ಯಾವ ವಿಮಾನ, ಯಾವ ಊರಿನ ಬೇಸ್, ಕ್ಯಾಪ್ಟನ್ ಸೀಟು ಯಾವಾಗ, ಹಬ್ಬಕ್ಕೆ ರಜೆ ಸಿಗುತ್ತಾ, ನಷ್ಟವಾದರೆ ಮೊದಲು ಮನೆಗೆ ಹೋಗುವವರು ಯಾರು, ಎಲ್ಲಕ್ಕೂ ಆ ನಂಬರೇ ಉತ್ತರ. ಇದು ಅನುಭವದ ಲೆಕ್ಕ ಅಂದುಕೊಂಡಿರಾ? ಸುಮ್ನಿರಿ. ಇಪ್ಪತ್ತು ವರ್ಷ ವಿಮಾನ ಹಾರಿಸಿದ ಕ್ಯಾಪ್ಟನ್ ಅಮೆರಿಕದಲ್ಲಿ ಪಕ್ಕದ ಕಂಪನಿಗೆ ಹೋದರೆ ಲಿಸ್ಟಿನ ತಳಕ್ಕೆ ಬೀಳುತ್ತಾರೆ. ಇಬ್ಬರು ಒಂದೇ ದಿನ ಸೇರಿದರೆ ಕೆಲವು ಕಂಪನಿಗಳು ವಯಸ್ಸು ನೋಡುತ್ತವೆ. ಇನ್ನು ಕೆಲವು ಸೋಷಿಯಲ್ ಸೆಕ್ಯೂರಿಟಿ ನಂಬರಿನ (ನಮ್ಮ ಆಧಾರ್‌ನಂಥ ಸರ್ಕಾರಿ ನಂಬರ್) ಕೊನೆಯ ಅಂಕೆಗಳನ್ನು ನೋಡುತ್ತವೆ. ಯಾವುದೋ ಕಾಲದಲ್ಲಿ ಯಾರೋ ಗುಮಾಸ್ತ ಬರೆದ ಅಂಕೆ ಇವತ್ತು ನಿಮ್ಮ ಹಬ್ಬದ ರಜೆ ಕಿತ್ತುಕೊಳ್ಳುತ್ತದೆ.

ಕಂಪನಿಗಳು ಸೇರಿದ ಮರುದಿನ ಎಲ್ಲರೂ ನ್ಯಾಯಶಾಸ್ತ್ರ ಪಂಡಿತರಾಗುತ್ತಾರೆ. ಹಳೇ ಕಂಪನಿಯವರಿಗೆ ಸೇರಿದ ತಾರೀಖೇ ಧರ್ಮ. "ತಾರೀಖು ಕಟ್ಟಿಕೊಂಡು ಏನು ಮಾಡೋದು? ಇವತ್ತು ಯಾರು ಯಾವ ಸೀಟಿನಲ್ಲಿದ್ದಾರೆ ನೋಡಿ" ಅನ್ನುವವರು ಹೊಸ ಕಂಪನಿಯವರು. "ದೊಡ್ಡ ವಿಮಾನ ತಂದವರು ನಾವು" ಎಂದು ಮತ್ತೊಬ್ಬರು. ತನ್ನನ್ನು ನೂರು ನಂಬರ್ ಕೆಳಗೆ ತಳ್ಳುವ ಸೂತ್ರವೇ ನ್ಯಾಯ ಎಂದು ವಾದಿಸಿದ ಪುಣ್ಯಾತ್ಮ ಮಾತ್ರ ಇನ್ನೂ ಹುಟ್ಟಬೇಕು.

2001 ರಲ್ಲಿ ಟಿಡಬ್ಲ್ಯುಎ ಕಂಪನಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಾಗ, ಟಿಡಬ್ಲ್ಯುಎ ಗಗನಸಖಿಯರನ್ನು (ಅವರಿಗೂ ಇಂಥದ್ದೇ ಲಿಸ್ಟ್) ಸೀದಾ ಲಿಸ್ಟಿನ ಕೊನೆಗೆ ಅಂಟಿಸಿದರು. ಇದಕ್ಕೆ 'ಸ್ಟೇಪಲ್' ಅಂತ ಹೆಸರು. ದಶಕಗಳ ಸೇವೆಗೆ ಒಂದು ಪಿನ್ನು! ಕೆಲಸ ಕಡಿಮೆಯಾದಾಗ ಸಾವಿರಾರು ಜನ ಮನೆಗೆ ಹೋದರು. 2007 ರಲ್ಲಿ ಅಲ್ಲಿ ಕಾನೂನು ಬಂತು: ಲಿಸ್ಟ್ ಸೇರಿಸುವುದು ನ್ಯಾಯವಾಗಿ, ಸಮಾನವಾಗಿ ಇರಬೇಕು. ಎಲ್ಲರೂ ಒಪ್ಪಿದರು. ಯಾಕೆ ಒಪ್ಪಲ್ಲ? ಆ ಎರಡು ಪದ ಯಾರ ಬಾಯಿಗೆ ಬೇಕಾದರೂ ಹೊಂದುತ್ತವೆ.

ನಮ್ಮಲ್ಲೂ ಏನು ಕಡಿಮೆ ಇಲ್ಲ. ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ 2007 ರಲ್ಲಿ ಒಂದಾದವು. ಬೋಯಿಂಗ್‌ನ ಹೊಸ ವಿಮಾನ ಡ್ರೀಮ್‌ಲೈನರ್ ತರಬೇತಿಗೆ ಇಂಡಿಯನ್ ಏರ್‌ಲೈನ್ಸ್ ಕಡೆಯವರನ್ನೂ ಕಳಿಸುತ್ತಾರೆ ಎಂದು 2012 ರಲ್ಲಿ ಏರ್ ಇಂಡಿಯಾ ಕಡೆಯ ಪೈಲಟ್‌ಗಳು ಸುಮಾರು ಎರಡು ತಿಂಗಳು ಮುಷ್ಕರ ಮಾಡಿದರು. ಆಗ ಒಂದು ಡ್ರೀಮ್‌ಲೈನರೂ ಬಂದಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿಗೆ ಜಗಳ.

ಆದರೆ ಬಹುಮಾನ ಯುಎಸ್ ಏರ್‌ವೇಸ್‌ಗೇ ಹೋಗಬೇಕು. 2005 ರಲ್ಲಿ ಅದು ಅಮೆರಿಕ ವೆಸ್ಟ್ ಎಂಬ ಕಂಪನಿ ಜೊತೆ ಸೇರಿತು. ಲಿಸ್ಟನ್ನು ಮಧ್ಯಸ್ಥರಿಗೆ ಒಪ್ಪಿಸಿದರು, ಅವರ ಮಾತೇ ಅಂತಿಮ ಎಂದೂ ಒಪ್ಪಿಕೊಂಡರು. 2007 ರಲ್ಲಿ ತೀರ್ಪು ಬಂತು. ಲೇ ಆಫ್ ಆಗಿದ್ದ ಯುಎಸ್ ಏರ್‌ವೇಸ್‌ನ ಹಳೇ ಪೈಲಟ್‌ಗಳು ಅಮೆರಿಕ ವೆಸ್ಟ್‌ಗೆ ಮೊನ್ನೆ ಮೊನ್ನೆ ಸೇರಿದ ಹುಡುಗರಿಗಿಂತ ಕೆಳಗೆ! ತೀರ್ಪು ಬದಲಿಸಲು ಆಗಲ್ಲ, ಸರಿ. ಯೂನಿಯನ್ ಬದಲಿಸಬಹುದಲ್ವಾ? ಪೂರ್ವದವರ, ಅಂದರೆ ಹಳೇ ಯುಎಸ್ ಏರ್‌ವೇಸ್‌ನವರ, ತಲೆ ಎಣಿಕೆ ಜಾಸ್ತಿ ಇತ್ತು. 2008 ರಲ್ಲಿ ವೋಟು ಹಾಕಿ ಹಳೇ ಯೂನಿಯನ್ನನ್ನೇ ಓಡಿಸಿದರು. ಹೊಸ ಯೂನಿಯನ್ನಿನ ಧರ್ಮ? ಸೇರಿದ ತಾರೀಖು! ಪಶ್ಚಿಮದವರು, ಅಂದರೆ ಅಮೆರಿಕ ವೆಸ್ಟ್‌ನವರು, ಕೋರ್ಟಿಗೆ ಹೋದರು.

ಅಲ್ಲಿಂದ ಮುಂದೆ ವರ್ಷಗಟ್ಟಲೆ ಒಂದೇ ಹೆಸರಿನ, ಒಂದೇ ಬಣ್ಣದ ವಿಮಾನ. ಕಾಕ್‌ಪಿಟ್‌ನಲ್ಲಿ ಮಾತ್ರ ಇಬ್ಬರೂ ಪೂರ್ವದವರು, ಇಲ್ಲವೇ ಇಬ್ಬರೂ ಪಶ್ಚಿಮದವರು. ಈ ಜಗಳ ಮುಗಿಯುವ ಮುಂಚೆಯೇ 2013 ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕೂಡ ಬಂದು ಸೇರಿತು. ಈಗ ಮೂರು ಲಿಸ್ಟು. ಮತ್ತೆ ಮಧ್ಯಸ್ಥರು, ಮತ್ತೆ ವಾದ. ಕೊನೆಗೆ ಲಿಸ್ಟ್ ಬಂದದ್ದು 2016 ರಲ್ಲಿ.

ಅಮೆರಿಕದಲ್ಲಿ ಏರ್‌ಲೈನ್ ಪೈಲಟ್ 65ಕ್ಕೆ ನಿವೃತ್ತಿ ಆಗಲೇಬೇಕು. 2005 ರಲ್ಲಿ 54 ಆಗಿದ್ದವರು ಈ ಲಿಸ್ಟಿಗಾಗಿ ಹನ್ನೊಂದು ವರ್ಷ ಕಾದು, ಅದು ಬರುವ ಹೊತ್ತಿಗೆ ಮನೆ ಸೇರಿದರು. ಅವರ ಬೀಳ್ಕೊಡುಗೆಯಲ್ಲಿ ಜೋರಾಗಿ ಚಪ್ಪಾಳೆ ಬಿದ್ದಿರಬೇಕು. ಕೆಳಗಿದ್ದವರೆಲ್ಲ ಒಂದೊಂದು ನಂಬರ್ ಮೇಲೆ ಬಂದರಲ್ಲ.