ಖರ್ಚು ಅವರದೇ, ಆದರೆ...

ಬೆಂಗಳೂರಿನ ಒಂದು ಸಂಸ್ಥೆಯವರು ನನ್ನನ್ನು ಭಾಷಣಕ್ಕೆ ಕರೆದರು. ಇಂಗ್ಲಿಷ್ ಕಾಗದ. ಪ್ರಯಾಣದ ಖರ್ಚನ್ನು ‘ಆನ್ ಆಕ್ಚುಯಲ್ಸ್ ರಿಇಂಬರ್ಸ್’ ಮಾಡುತ್ತೇವೆ ಅಂತ ಕೊನೆಯಲ್ಲಿತ್ತು. ಖರ್ಚು ಅವರದು ಅಂದುಕೊಂಡೆ. ನಮ್ಮ ಮಂಡ್ಯದಲ್ಲಿ ‘ಖರ್ಚು ನಮ್ದು’ ಅಂದವರು ನಾವು ಜೇಬಿಗೆ ಕೈ ಹಾಕಿದರೆ ಕೈಯನ್ನೇ ಹಿಡ್ಕೋತಾರೆ.

ಹಾಗಾಗಿ ರೈಲು ಬಿಟ್ಟು ಟ್ಯಾಕ್ಸಿ ಹತ್ತಿದೆ. ಜೇಬಿನಲ್ಲಿ ಇನ್ನೂರು ರೂಪಾಯಿ. ಫೋನಲ್ಲಿ ದುಡ್ಡು ಕಳಿಸೋ ವಿದ್ಯೆ ಹೆಂಡತಿಯದು. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ವಡೆ ಬೇಕಾದರೆ ಮದ್ದೂರಿನೊಳಕ್ಕೆ ತಿರುಗಬೇಕು. ತಿರುಗಿಸಿದೆ. ಖರ್ಚು ಅವರದಲ್ವಾ!

ಗೇಟಿನಲ್ಲಿ ಡ್ರೈವರ್ ಕೈ ಚಾಚಿದ. “ಒಳಗೆ ಕೊಡ್ತಾರಪ್ಪ” ಅಂದೆ. ಅವನು ನಂಬಲಿಲ್ಲ. ನನ್ನ ಹಿಂದೆಯೇ ಬಂದು ಮುಂದಿನ ಸಾಲಿನಲ್ಲಿ ಕೂತ. ನಲವತ್ತು ನಿಮಿಷ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅಷ್ಟು ಶ್ರದ್ಧೆಯಿಂದ ನನ್ನ ಭಾಷಣ ಕೇಳಿದವರು ಇನ್ಯಾರೂ ಇಲ್ಲ.

ಭಾಷಣ ಮುಗಿಸಿ ಇಬ್ಬರೂ ಅಕೌಂಟ್ಸ್ ವಿಭಾಗಕ್ಕೆ ಹೋದೆವು. “ಮೊದಲು ನೀವು ಕೊಡಿ ಸರ್. ಆಮೇಲೆ ಬಿಲ್ ಕಳಿಸಿ, ನಿಮ್ಮ ಅಕೌಂಟಿಗೆ ಬರುತ್ತೆ” ಅಂದರು. ಆಕ್ಚುಯಲ್ಸ್ ಅಂದರೆ ಬಿಲ್ ಇದ್ದಷ್ಟೇ ದುಡ್ಡಂತೆ. ಹೆಂಡತಿಗೆ ಫೋನ್ ಮಾಡಿದೆ. ದುಡ್ಡು ಒಂದು ನಿಮಿಷಕ್ಕೆ ಬಂತು, ಮಾತು ಜಾಸ್ತಿ ಹೊತ್ತು ಬಂತು.

ಬಿಲ್ ಕೇಳಿದ್ದಕ್ಕೆ ಡ್ರೈವರ್ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ಬರೆದುಕೊಟ್ಟ. ಮುಂದುಗಡೆ ವೆಂಕಟರಮಣಸ್ವಾಮಿ ಇದ್ದ. ಆದರೂ ಅದು ಪಾಸಾಗಲಿಲ್ಲ.

ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರು ನಕ್ಕರು. “ಲ್ಯಾಟಿನ್ನಿನಲ್ಲಿ ಬರ್ಸಾ ಅಂದರೆ ಚೀಲ ಕಣಯ್ಯ. ರಿಇಂಬರ್ಸ್ ಅಂದರೆ ಚೀಲಕ್ಕೆ ವಾಪಸ್ ಹಾಕೋದು. ವಾಪಸ್ ಹಾಕಬೇಕಾದರೆ ಮೊದಲು ನಿನ್ನ ಚೀಲ ಖಾಲಿ ಆಗ್ಬೇಕಲ್ಲ! ‘ಬೋರ್ನ್ ಬೈ’ ಅಂತಿದ್ದರೆ ಖರ್ಚು ಹೊರೋರು ಯಾರು ಅಂತ ‘ಬೈ’ ಆದಮೇಲೆ ನೋಡು. ‘ಪರ್ ಡೀಮ್’ ಇದ್ದರೆ ದಿನಕ್ಕಿಷ್ಟು ಅಂತ ಗೊತ್ತುಮಾಡಿದ ಭತ್ಯೆ.”

ಮೊನ್ನೆ ಇನ್ನೊಂದು ಕಾಗದ ಬಂತು. ‘ಬೋರ್ನ್ ಬೈ’ ಅಂತಲೇ ಇತ್ತು. ಖುಷಿಯಿಂದ ಮುಂದೆ ಓದಿದೆ. ‘ದಿ ಪಾರ್ಟಿಸಿಪೆಂಟ್’ ಅಂತಿತ್ತು, ಅಂದರೆ ನಾನೇ. ಆದರೂ ಸುಮ್ನೆ ಬಾಡಿಗೆ ಎಷ್ಟು ಅಂತ ಡ್ರೈವರಿಗೆ ಫೋನ್ ಮಾಡಿದೆ.

“ಬತ್ತೀನಿ ಸಾ. ದುಡ್ಡು ಮಂಡ್ಯದಲ್ಲೇ ಕೊಟ್ಬುಡಿ. ಭಾಷಣ ಮಾತ್ರ ಇನ್ನೊಂದ್ಸಲ ಬ್ಯಾಡ.”