ಹಾಲು, ಮೊಟ್ಟೆ ಬಿಟ್ಟರೆ ಇಸುಬು ಹೋಗುವುದಿಲ್ಲ

‘ಹಾಲು, ಮೊಟ್ಟೆ, ಬದನೆಕಾಯಿ ನಂಜು. 21 ದಿನ ಬಿಟ್ಟರೆ ಮಕ್ಕಳ ಇಸುಬು ಹೋಗುತ್ತದೆ’ ಎಂಬ ಮೆಸೇಜ್ ನಮ್ಮ ಜಯನಗರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ನಾನೂ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಇಸುಬು, ಅಂದರೆ ಎಕ್ಸಿಮಾ, ಊಟದಿಂದ ಹುಟ್ಟುವುದಲ್ಲ. ಚರ್ಮಕ್ಕೆ ತೇವ ಹಿಡಿದಿಡಲು ಆಗುವುದಿಲ್ಲ, ಬೇಗ ಕೆರಳುತ್ತದೆ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್‌ಗೂ ಇದಕ್ಕೂ ನಂಟಿದೆ ಎಂದು 2006ರಲ್ಲೇ ಗೊತ್ತಾಗಿದೆ. ಇಸುಬು ಜೋರಾಗಿರುವ ಕೆಲವು ಮಕ್ಕಳಿಗೆ ಹಾಲು, ಮೊಟ್ಟೆಯ ಅಲರ್ಜಿಯೂ ಇರುತ್ತದೆ, ನಿಜ. ಅದನ್ನು ಡಾಕ್ಟರ್ ನೋಡಿಯೇ ಹೇಳಬೇಕು, ಅಲ್ವಾ? ಸುಮ್ನೆ ಬಿಡಿಸಿದರೆ ಬೆಳೆಯುವ ಮಗುವಿಗೆ ಪೋಷಣೆ ಕಮ್ಮಿಯಾಗುತ್ತದೆ. ಮತ್ತೆ ಕೊಟ್ಟಾಗ ಜೋರಾದ ಅಲರ್ಜಿ ಆಗುವ ಅಪಾಯವೂ ಇದೆ.

ಸ್ನಾನವಾದ ತಕ್ಷಣ ಮಾಯಿಶ್ಚರೈಸರ್ ಹಚ್ಚಿ, ಡಿಸೆಂಬರ್‌ನ ಒಣಗಾಳಿಯಲ್ಲಿ ಇನ್ನೂ ಜಾಸ್ತಿ. ಆ ಮೆಸೇಜ್ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.