ಸತ್ಯಾಂಶ: ಬ್ರಿಟನ್ನಿನಲ್ಲಿ ಖಾಲಿ ಕೋಣೆಗೆ ವೃದ್ಧರಿಂದ ತೆರಿಗೆ ವಸೂಲಿಯೇ?

ಬ್ರಿಟನ್ ಸರ್ಕಾರವು ಖಾಲಿ ಕೋಣೆಯಿರುವ ಪ್ರತಿ ಮನೆಯಿಂದಲೂ ತೆರಿಗೆ ಪಡೆದು, ಕೊಡಲಾಗದ ವೃದ್ಧರನ್ನು ಚಿಕ್ಕ ಮನೆಗಳಿಗೆ ಅಟ್ಟುತ್ತಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. 2013ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದು ತೆರಿಗೆಯಲ್ಲ, ಖಾಲಿ ಕೋಣೆಯಿದ್ದರೆ ಬಾಡಿಗೆ ನೆರವನ್ನು ಕಡಿಮೆ ಮಾಡುವ ನಿಯಮ; ಅದು ಸಾಮಾನ್ಯವಾಗಿ ಅನ್ವಯಿಸುವುದು ಸ್ಥಳೀಯ ಆಡಳಿತ ಅಥವಾ ವಸತಿ ಸಂಘಗಳ ಮನೆಯಲ್ಲಿದ್ದು, ಬಾಡಿಗೆಗೆ ಸರ್ಕಾರಿ ನೆರವು ಪಡೆಯುವ, ಪಿಂಚಣಿ ವಯಸ್ಸು ತಲುಪದವರಿಗೆ. ಒಂದು ಕೋಣೆ ಹೆಚ್ಚಿದ್ದರೆ ನೆರವಿಗೆ ಅರ್ಹವಾದ ಬಾಡಿಗೆಯ ಶೇ. 14ರಷ್ಟು, ಎರಡು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 25ರಷ್ಟು ನೆರವು ಕಡಿತವಾಗುತ್ತದೆ, ಅಂದರೆ ವಾರಕ್ಕೆ 100 ಪೌಂಡ್ ಬಾಡಿಗೆಯಾದರೆ ಕನಿಷ್ಠ 14 ಪೌಂಡನ್ನು ಬಾಡಿಗೆದಾರರೇ ಹೊಂದಿಸಬೇಕು. ಹತ್ತು ವರ್ಷದೊಳಗಿನ ಅಣ್ಣ-ತಂಗಿಗೆ ಒಂದೇ ಕೋಣೆ ಸಾಕೆಂಬುದು ಅಲ್ಲಿನ ಲೆಕ್ಕ. ಮನೆ ಬದಲಿಸಲೇಬೇಕೆಂಬ ಕಡ್ಡಾಯವಿಲ್ಲ. ಬದಲಿಸಲು ಸಿದ್ಧರಿರುವವರಿಗೂ ಚಿಕ್ಕ ಮನೆ ಸುಲಭವಾಗಿ ಸಿಗುವುದಿಲ್ಲ ಎಂಬ ತಕರಾರಿನಲ್ಲಿ ಮಾತ್ರ ಹುರುಳಿದೆ. ಸ್ಕಾಟ್ಲೆಂಡ್‌ನಲ್ಲಿ ಈ ಕಡಿತವನ್ನು ಅಲ್ಲಿನ ಸರ್ಕಾರದ ಹಣದಿಂದ ತುಂಬಿಕೊಡಲಾಗುತ್ತದೆ.